ಟ್ರಿಪ್ ಆಗುವ ಸ್ವಿಚ್ಚನ್ನು ‘ಡೈರೆಕ್ಟ್’ ಮಾಡಿಸಬೇಡಿ

ಹೋದ ಏಪ್ರಿಲ್‌ನಲ್ಲಿ ನಮ್ಮ ಅವ್ವ ಸಾಯಬೇಕಿತ್ತು. ರಾಯಚೂರಿನಲ್ಲಿ ಎಷ್ಟೋ ಮನೆಗಳಲ್ಲಿ ಹೀಗೆ ‘ಡೈರೆಕ್ಟ್’ ಮಾಡಿಸುವ ತಪ್ಪು ನಡೆಯುತ್ತಿದೆ ಅಂತ ಆಮೇಲೆ ಗೊತ್ತಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಬಿಸಿಲು ನಿಮಗೆ ಗೊತ್ತಲ್ಲ. ಮಾರ್ಚ್ ಮುಗಿಯುವಷ್ಟರಲ್ಲಿ ಅಟ್ಟದಿಂದ ಕೂಲರ್ ಇಳಿಯುತ್ತದೆ. ನಮ್ಮದು ತಗಡಿನ ಕೂಲರ್, ಹುಲ್ಲಿನ ಪ್ಯಾಡ್ ಇರುವಂಥದ್ದು. ನೀರು ತುಂಬಿ ಪಂಪ್ ಹಾಕಿದರೆ ಸಾಕು, ಟಪ್ ಅಂತ ಇಡೀ ಮನೆಯ ಕರೆಂಟ್ ಹೋಗುತ್ತಿತ್ತು. ಬೀಳುತ್ತಿದ್ದದ್ದು ಮೀಟರ್ ಪಕ್ಕದ ಬಾಕ್ಸಿನಲ್ಲಿರುವ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್. ಕೆಲವರು ಇಎಲ್‌ಸಿಬಿ ಅಂತಾರೆ.

ಪರಿಚಯದ ವೈರ್‌ಮನ್ ಒಬ್ಬನನ್ನು ಕರೆಸಿದೆ. ಅವನು ಮೊದಲು ಕೂಲರ್ ಪ್ಲಗ್ ಬಿಚ್ಚಿ ಅರ್ಥ್ ವೈರ್ ಕಿತ್ತ. ಎರಡು ದಿನ ಟ್ರಿಪ್ ಆಗಲಿಲ್ಲ. ಮೂರನೇ ದಿನ ನೀರು ಚೆಲ್ಲಿ ಸ್ಟ್ಯಾಂಡ್ ತೊಯ್ದಾಗ ಮತ್ತೆ ಶುರುವಾಯಿತು. ಆಗ ಅವನು, ‘ಈ ಬಾಕ್ಸಿಂದೇ ತ್ರಾಸ್ ಐತ್ರಿ ಸರ್, ಡೈರೆಕ್ಟ್ ಮಾಡ್ತೀನಿ. ಏನಾಗಂಗಿಲ್ಲ ಬಿಡ್ರಿ’ ಅಂದ. ಆರ್‌ಸಿಸಿಬಿಗೆ ಬರುವ ವೈರು, ಹೋಗುವ ವೈರು ಸೇರಿಸಿ ಟೇಪ್ ಸುತ್ತಿದ. ಕರೆಂಟ್ ಹೋಗುವುದು ನಿಂತಿತು. ನನಗೂ ಅಷ್ಟೇ ಬೇಕಿತ್ತು. ನೂರು ರೂಪಾಯಿ ಕೊಟ್ಟು ಕಳಿಸಿದೆ.

ಹತ್ತು ದಿನ ಆರಾಮಾಗಿ ನಿದ್ದೆ ಮಾಡಿದೆವು.

ಒಂದು ಸಂಜೆ ಅವ್ವ ಕೂಲರಿಗೆ ನೀರು ಹಾಕುತ್ತಿದ್ದಳು. ಬರಿಗಾಲು. ನೆಲದ ಶಹಾಬಾದ್ ಕಲ್ಲು ಒದ್ದೆ. ಕೊಡ ಬಿದ್ದ ಸದ್ದಾಯಿತು, ಕೂಗು ಕೇಳಲಿಲ್ಲ. ಹೋಗಿ ನೋಡಿದರೆ ಎಡಗೈ ತಗಡಿಗೆ ಅಂಟಿಕೊಂಡಿತ್ತು, ಮೈಯೆಲ್ಲಾ ನಡುಗುತ್ತಿತ್ತು. ಅವಳನ್ನು ಮುಟ್ಟದೆ ಮೊದಲು ಗೋಡೆಯ ಸ್ವಿಚ್ ಆರಿಸಿದ್ದು ನನ್ನ ಪುಣ್ಯ. ಮುಟ್ಟಿದ್ದರೆ ಇಬ್ಬರೂ ಹೋಗುತ್ತಿದ್ದೆವು. ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ಒಂದು ರಾತ್ರಿ ಇಟ್ಟುಕೊಂಡರು. ಶಾಕ್ ಹೊಡೆದವರು ಎದ್ದು ಕೂತರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಎದೆಬಡಿತ ಏರುಪೇರಾಗಿರಬಹುದು, ಹೊರಗಿನಿಂದ ತಿಳಿಯುವುದಿಲ್ಲ.

ಆಮೇಲೆ ಬಂದ ಇನ್ನೊಬ್ಬ ಎಲೆಕ್ಟ್ರಿಷಿಯನ್ ಬಾಕ್ಸ್ ತೆರೆದು ಸುಮ್ನೆ ನಿಂತುಬಿಟ್ಟರು. ಕೂತು ಅರ್ಥ ಮಾಡಿಸಿದ್ದು ಅವರೇ. ಲೋಡ್ ಹೆಚ್ಚಾದರೆ ಬೀಳುವ ಎಂಸಿಬಿ ಸ್ವಿಚ್ ವೈರನ್ನು ಕಾಯುತ್ತದೆ, ಆರ್‌ಸಿಸಿಬಿ ಮನುಷ್ಯರನ್ನು ಕಾಯುತ್ತದೆ. ಫೇಸಿನಲ್ಲಿ ಹೋದ ಕರೆಂಟು ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬರಬೇಕು. ನಡುವೆ ಎಲ್ಲೋ ನೆಲಕ್ಕೆ ಸೋರಿದರೆ ಲೆಕ್ಕ ತಪ್ಪುತ್ತದೆ, ಸ್ವಿಚ್ ಬೀಳುತ್ತದೆ. ಮನೆಗೆ ಹಾಕುವುದು 30 ಮಿಲಿಆಂಪಿಯರಿನದು. ಅಷ್ಟು ಸೋರುವಷ್ಟರಲ್ಲಿ ಅದು ಕ್ಷಣದಲ್ಲಿ ಬೀಳಲೇಬೇಕು. ನಮ್ಮ ಕೂಲರಿನ ಪಂಪಿನ ಸೀಲ್ ಹೋಗಿ ನೀರಿಗೆ ಕರೆಂಟ್ ಬರುತ್ತಿತ್ತು. ಅರ್ಥ್ ಇದ್ದಾಗ ಅದು ಅರ್ಥಿಗೆ ಹೋಗುತ್ತಿತ್ತು, ಯಾರೂ ಮುಟ್ಟುವ ಮೊದಲೇ ಸ್ವಿಚ್ ಬೀಳುತ್ತಿತ್ತು. ಅರ್ಥ್ ಕಿತ್ತ ಮೇಲೆ ತಗಡಿನಲ್ಲೇ ನಿಂತಿತು. ಆಗಲೂ ಆರ್‌ಸಿಸಿಬಿ ಒಂದಿದ್ದರೆ ಅವ್ವ ಮುಟ್ಟಿದ ತಕ್ಷಣ ಬೀಳುತ್ತಿತ್ತು. ಎರಡನ್ನೂ ನಾವೇ ತೆಗೆಸಿದ್ದೆವು. ಹೊಸ ಪಂಪಿಗೆ ನಾನು ಕೊಟ್ಟದ್ದು 350 ರೂಪಾಯಿ.

ನಿಮ್ಮ ಮನೆಯಲ್ಲೂ ಟ್ರಿಪ್ ಆಗುತ್ತಿದ್ದರೆ ಯಾವ ಸಾಮಾನಿನಿಂದ ಅಂತ ಹುಡುಕಿ. ಎಲ್ಲಾ ಪ್ಲಗ್ ಕಿತ್ತು ಆರ್‌ಸಿಸಿಬಿ ಎತ್ತಿ. ಬೀಳದೆ ನಿಂತರೆ ಒಂದೊಂದೇ ಸಾಮಾನು ಹಾಕುತ್ತಾ ಹೋಗಿ. ಬರೀ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಗೋಡೆಯ ಸ್ವಿಚ್ ಕತ್ತರಿಸುವುದು ಫೇಸ್ ಒಂದನ್ನೇ. ಸಾಮಾನಿನ ಒಳಗೆ ನ್ಯೂಟ್ರಲ್ ಅರ್ಥಿಗೆ ತಾಗಿದ್ದರೆ ಸ್ವಿಚ್ ಆಫ್ ಇದ್ದರೂ ಟ್ರಿಪ್ ಆಗಬಹುದು. ನಾನು ಇದು ತಿಳಿಯದೆ ಮೊದಲು ಅರ್ಧ ದಿನ ಕಳೆದಿದ್ದೆ. ಎಲ್ಲಾ ಕಿತ್ತ ಮೇಲೂ ಬಿದ್ದರೆ ತಪ್ಪು ವೈರಿಂಗಿನಲ್ಲಿರಬಹುದು. ಅದನ್ನು ಬಲ್ಲವರಿಂದ ಮೆಗ್ಗರ್ (ವೈರಿನ ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿಸಿಯೇ ನೋಡಿಸಬೇಕು.

ಹಾಗೆ ಹುಡುಕುವಾಗ ನಮ್ಮ ಗೀಸರ್ ಕೂಡ ಸಿಕ್ಕಿಬಿತ್ತು. ಬೋರಿನ ಉಪ್ಪು ನೀರಿಗೆ ಕಾಯಿಲ್ ಮೇಲೆ ಬಿಳಿ ಪದರ ಕಟ್ಟಿ ಒಡೆದಿತ್ತು. ನೀರು ಒಳಗೆ ಇಳಿದು ಅಲ್ಲೂ ಸ್ವಲ್ಪ ಸ್ವಲ್ಪ ಸೋರುತ್ತಿತ್ತು. ಅದನ್ನೂ ಬದಲಾಯಿಸಿದೆವು. ಅಂಗಳದ ಅರ್ಥ್ ಗುಂಡಿ ಬೇಸಿಗೆಗೆ ಒಣಗಿತ್ತು, ಈಗ ವಾರಕ್ಕೆರಡು ಸಲ ಬಕೆಟ್ ನೀರು ಹಾಕುತ್ತೇನೆ. ಕೂಲರಿಗೆ ನೀರು ತುಂಬುವ ಮೊದಲು ಪ್ಲಗ್ ಕಿತ್ತಿಡುತ್ತೇವೆ. ಯಾರಿಗೂ ವಿನಾಯಿತಿ ಇಲ್ಲ.

ಆರ್‌ಸಿಸಿಬಿ ಮೇಲೆ ‘ಟಿ’ ಅಂತ ಬರೆದ ಸಣ್ಣ ಬಟನ್ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ. ಸ್ವಿಚ್ಚಿನ ಹಿಡಿ ಕೆಳಗೆ ಬಿದ್ದರಷ್ಟೇ ಸಾಲದು, ಮನೆಯ ಲೈಟು ಫ್ಯಾನು ಆರಬೇಕು. ಇನ್ವರ್ಟರ್ ಇದ್ದರೆ ಅದನ್ನು ಮೊದಲು ಆಫ್ ಮಾಡಿ ನೋಡಿ, ಇಲ್ಲದಿದ್ದರೆ ಮೋಸ ಹೋಗುತ್ತೀರಿ.

ಅವ್ವ ಆಸ್ಪತ್ರೆಯಿಂದ ಬಂದ ವಾರ ಸಿಂಧನೂರಿನ ಅಕ್ಕನಿಗೆ ಫೋನ್ ಮಾಡಿ ಆ ಬಟನ್ ಒತ್ತಿಸಿದೆ. ಅವಳ ಮನೆಯಲ್ಲಿ ಇನ್ವರ್ಟರ್ ಇಲ್ಲ. ‘ಬಿತ್ತು ನೋಡೋ ತಮ್ಮಾ, ಸರಿ ಐತಿ’ ಅಂದಳು. ಫ್ಯಾನ್ ನೋಡು ಅಂದೆ. ತಿರುಗುತ್ತಲೇ ಇತ್ತು.