ಕೇರಳ ವಿಧಾನಸಭಾ ಸಮಿತಿಗಳ ಕಾಗದಪತ್ರ: ಕಾಸರಗೋಡಿನಲ್ಲಿ ಕೂತು ಕೇಳಿದರೆ ಸಿಗುವುದೇನು, ಸಿಗದಿರುವುದೇನು

ತಿರುವನಂತಪುರದ ವಿಧಾನಸಭೆಯ ಸಮಿತಿಗಳು ನಮ್ಮ ಜಿಲ್ಲೆಯ ಸೇತುವೆ, ಶಾಲೆ, ಆಸ್ಪತ್ರೆ, ಗೇರುತೋಟಗಳ ಲೆಕ್ಕವನ್ನೂ ಕೇಳುತ್ತವೆ. ಆ ಕಾಗದಪತ್ರ ಮಂಜೇಶ್ವರದಲ್ಲೋ ಬದಿಯಡ್ಕದಲ್ಲೋ ಕೂತವರ ಕೈಗೆ ಬರುತ್ತದೆಯೇ? ಸದನದಲ್ಲಿ ಮಂಡನೆಯಾದ ವರದಿಗಳ ಮಟ್ಟಿಗೆ ಈ ಸೇವೆ ನಿಜಕ್ಕೂ ಚೆನ್ನಾಗಿದೆ: ದುಡ್ಡಿಲ್ಲ, ಅರ್ಜಿ ಬೇಡ. ಮಂಡನೆಗೆ ಮೊದಲಿನ ಕಾಗದಕ್ಕೆ ಬೀಗ. ಕನ್ನಡದಲ್ಲಂತೂ ವರದಿಗಳೇ ಇಲ್ಲ.

ಸಭೆಯ ಅಧಿಕೃತ ಜಾಲತಾಣದಲ್ಲಿ ಸಮಿತಿ ವರದಿಗಳು ಪಿಡಿಎಫ್ ರೂಪದಲ್ಲಿವೆ. ಹುಡುಕುವಾಗ ಊರಿನ ಹೆಸರು ಹಿಡಿದು ಹೊರಡಬೇಡಿ, ಸಭೆಯ ಅವಧಿ ಮತ್ತು ಸಮಿತಿಯ ಹೆಸರು ಹಿಡಿಯಿರಿ. 2011ರಲ್ಲಿ ಬಂದದ್ದು 13ನೇ ಸಭೆ, 2016ರದ್ದು 14ನೇದು, 2021ರದ್ದು 15ನೇದು. ಒಂದು ಅವಧಿಯ ಖರ್ಚಿನ ಮೇಲಿನ ವರದಿ ಮುಂದಿನ ಅವಧಿಯಲ್ಲಿ ಬರುವುದು ಸಾಮಾನ್ಯ, ಆದ್ದರಿಂದ ಮುಂದಿನದನ್ನೂ ತೆರೆದು ನೋಡಿ. ಸ್ಕ್ಯಾನ್ ಮಾಡಿದ ಪ್ರತಿಯಾದರೆ ಅಕ್ಷರ ಹುಡುಕಾಟ ನಡೆಯುವುದಿಲ್ಲ, ಪುಟ ತಿರುಗಿಸಿಯೇ ಓದಬೇಕು.

ಸಮಿತಿ ಯಾವುದೆಂದು ತಪ್ಪಿದರೆ ಇಡೀ ದಿನ ವ್ಯರ್ಥ. ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಗೇರುತೋಟಗಳು ಪ್ಲಾಂಟೇಶನ್ ಕಾರ್ಪೊರೇಶನ್ ಆಫ್ ಕೇರಳದವು. ಅದು ಸರಕಾರಿ ಕಂಪೆನಿ, ಹಾಗಾಗಿ ಅದರ ಲೆಕ್ಕ ಬರುವುದು ಸಾರ್ವಜನಿಕ ಉದ್ದಿಮೆಗಳ ಸಮಿತಿಗೆ. ಇಲಾಖೆಗಳು ಮಾಡಿದ ಖರ್ಚು ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ, ಅಂದರೆ ಪಿಎಸಿಗೆ. ಮಂತ್ರಿ ಸದನದಲ್ಲಿ ಕೊಟ್ಟ ಮಾತು ಭರವಸೆಗಳ ಸಮಿತಿಗೆ. ಮಸೂದೆಗಳು ಮತ್ತು ಇಲಾಖೆಗಳ ಬಜೆಟ್ ಬೇಡಿಕೆಗಳು 14 ವಿಷಯ ಸಮಿತಿಗಳಿಗೆ.

ಪಿಎಸಿ ವರದಿಯೊಂದನ್ನು ಕೈಗೆತ್ತಿಕೊಂಡರೆ ಮೊದಲ ಪುಟದಿಂದ ಓದಲು ಹೊರಡಬೇಡಿ. ಕೊನೆಗೆ ಹೋಗಿ. ಅನುಬಂಧ ಒಂದರಲ್ಲಿ ಒಂದು ಕೋಷ್ಟಕ ಇರುತ್ತದೆ: ಕ್ರಮಸಂಖ್ಯೆ, ಪ್ಯಾರಾ ಸಂಖ್ಯೆ, ಸಂಬಂಧಪಟ್ಟ ಇಲಾಖೆ, ಸಮಿತಿಯ ಶಿಫಾರಸು. ನಿಮ್ಮ ಇಲಾಖೆಯ ಸಾಲು ಹಿಡಿದು, ಆ ಪ್ಯಾರಾ ಸಂಖ್ಯೆಯೊಂದಿಗೆ ಹಿಂದಕ್ಕೆ ಬನ್ನಿ. ಅನುಬಂಧ ಎರಡರಲ್ಲಿ ಸರಕಾರ ಸಮಿತಿಗೆ ಕೊಟ್ಟ ಲಿಖಿತ ಉತ್ತರಗಳೇ ಅಚ್ಚಾಗಿರುತ್ತವೆ. ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಬೆಲೆಬಾಳುವ ಪುಟಗಳು ಇವು. ಇಲಾಖೆಯ ಉತ್ತರ ಬೇಕೆಂದು ಆರ್‌ಟಿಐ ಹಾಕುವ ಮೊದಲು ಇಲ್ಲಿ ಕಣ್ಣಾಡಿಸಿದರೆ ತಿಂಗಳುಗಟ್ಟಲೆ ಕಾಯುವುದು ತಪ್ಪುತ್ತದೆ.

ಆದರೆ ಅಲ್ಲಿಗೆ ನಿಲ್ಲಬಾರದು. ಶಿಫಾರಸಿನ ಮೇಲೆ ಏನು ಕ್ರಮವಾಯಿತು ಎಂಬುದಕ್ಕೆ ಪ್ರತ್ಯೇಕ ವರದಿ ಬರುತ್ತದೆ. ಸರಕಾರದ ಉತ್ತರವನ್ನು ಸಮಿತಿ ಒಪ್ಪಿದ ಶಿಫಾರಸುಗಳು, ಕೈಬಿಟ್ಟವು, ಉತ್ತರ ಒಪ್ಪದೆ ಮತ್ತೆ ಒತ್ತಿ ಹೇಳಿದವು ಎಂದು ಅದರಲ್ಲಿ ವಿಂಗಡಿಸಿರುತ್ತಾರೆ. ಮೊದಲ ವರದಿಯನ್ನಷ್ಟೇ ಓದಿ ಪತ್ರಿಕೆಗೆ ಬರೆದರೆ, ಆಗಲೇ ಇತ್ಯರ್ಥವಾದದ್ದನ್ನು ಹೊಸ ಹಗರಣವೆಂದು ಬರೆದುಬಿಡುವ ಅಪಾಯ ಇದೆ.

ಇನ್ನು ಬೀಗದ ಮಾತು. ಸಂವಿಧಾನದ 194(3)ನೇ ವಿಧಿ ರಾಜ್ಯ ಶಾಸಕಾಂಗಕ್ಕೆ ವಿಶೇಷ ಹಕ್ಕುಗಳನ್ನು ಕೊಡುತ್ತದೆ. ಆರ್‌ಟಿಐ ಕಾಯ್ದೆಯ ಸೆಕ್ಷನ್ 8(1)(ಸಿ) ಪ್ರಕಾರ, ಬಹಿರಂಗವಾದರೆ ಹಕ್ಕುಚ್ಯುತಿಯಾಗುವ, ಅಂದರೆ ಸದನದ ವಿಶೇಷ ಹಕ್ಕಿಗೆ ಭಂಗ ಬರುವ, ಮಾಹಿತಿಯನ್ನು ಕೊಡಬೇಕಾಗಿಲ್ಲ. ಸದನಕ್ಕೆ ಮೊದಲು ತಿಳಿಯಬೇಕಾದದ್ದು ಹೊರಗೆ ಮೊದಲು ತಿಳಿಯಬಾರದು ಎಂಬುದು ಇದರ ತಿರುಳು. 2020ರ ನವೆಂಬರಿನಲ್ಲಿ ಆಗಿನ ಹಣಕಾಸು ಸಚಿವ ಥಾಮಸ್ ಐಸಾಕ್, ಸರಕಾರದ ಲೆಕ್ಕ ಪರಿಶೋಧಿಸುವ ಸಿಎಜಿಯ ವರದಿಯ ಅಂಶಗಳನ್ನು ಮಂಡನೆಗೆ ಮೊದಲೇ ಬಹಿರಂಗಪಡಿಸಿದರೆಂದು ಆಗ ಕಾಂಗ್ರೆಸ್ ಶಾಸಕರಾಗಿದ್ದ ವಿ.ಡಿ. ಸತೀಶನ್ ಹಕ್ಕುಚ್ಯುತಿ ನೋಟಿಸ್ ಕೊಟ್ಟಿದ್ದರು. ವಿಷಯ ಹಕ್ಕುಬಾಧ್ಯತಾ ಸಮಿತಿಗೆ ಹೋಯಿತು, ಸಮಿತಿ ಸಚಿವರದು ತಪ್ಪಲ್ಲ ಎಂದಿತು. ಮಂತ್ರಿಯನ್ನೇ ಪ್ರಶ್ನೆಗೆ ನಿಲ್ಲಿಸಿದ ನಿಯಮ, ಸಾಮಾನ್ಯರು ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ.

ಆದರೂ ಈ ಸೆಕ್ಷನನ್ನು ಬೇಕಾದ್ದಕ್ಕಿಂತ ಉದ್ದಕ್ಕೆ ಎಳೆಯಲು ಬಿಡಬಾರದು. "ಸಮಿತಿಯ ಎಲ್ಲ ಕಡತ ಕೊಡಿ" ಎಂದು ಬರೆದರೆ ಒಂದೇ ಸಾಲಿನ ನಿರಾಕರಣೆ ಬರುತ್ತದೆ. ಬದಲಿಗೆ ಹೀಗೆ ಕೇಳಿ: ಇಂಥ ವಿಷಯದ ವರದಿ ಯಾವ ದಿನ ಮಂಡನೆಯಾಯಿತು, ಅದರ ಸಂಖ್ಯೆ ಏನು, ಕ್ರಮ ಕೈಗೊಂಡ ವರದಿ ಬಂದಿದೆಯೇ. ಇದರಲ್ಲಿ ಗುಟ್ಟೇನೂ ಇಲ್ಲ. ನಿರಾಕರಿಸಿದರೆ ಮೇಲ್ಮನವಿಯಲ್ಲಿ ಮೂರು ಸೆಕ್ಷನ್ ಹಿಡಿಯಿರಿ. ನಿರಾಕರಣೆ ಸರಿಯೆಂದು ತೋರಿಸುವ ಹೊಣೆ ಮಾಹಿತಿ ಅಧಿಕಾರಿಯದು ಎಂಬ 19(5), ಕೊಡಬಹುದಾದ ಭಾಗವನ್ನು ಬೇರ್ಪಡಿಸಿ ಕೊಡಬೇಕೆಂಬ 10, ಸಾರ್ವಜನಿಕ ಹಿತ ದೊಡ್ಡದಾದರೆ ಮಾಹಿತಿ ಕೊಡಬಹುದೆಂಬ 8(2). 20 ವರ್ಷ ಹಳೆಯದೆಂಬ ವಾದ ಮಾತ್ರ ಇಲ್ಲಿ ನಡೆಯದು, 8(3) ಆ ಸಡಿಲಿಕೆಯನ್ನು ಹಕ್ಕುಚ್ಯುತಿಯ ಮಾಹಿತಿಗೆ ಕೊಟ್ಟಿಲ್ಲ. ಉತ್ತರಕ್ಕೆ 30 ದಿನ, ಮೊದಲ ಮೇಲ್ಮನವಿಗೆ 30 ದಿನ, ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ ಸಲ್ಲಿಸಲು 90 ದಿನ. ಶುಲ್ಕ ಕಟ್ಟುವ ರೀತಿಯನ್ನು ವಿಧಾನಸಭಾ ಕಾರ್ಯಾಲಯದಲ್ಲೇ ವಿಚಾರಿಸಿಕೊಳ್ಳಿ. ಈ ಕಾಯ್ದೆಯಡಿ ಅಲ್ಲಿಯ ಸಕ್ಷಮ ಪ್ರಾಧಿಕಾರ ಸ್ಪೀಕರ್, ಅವರು ಪ್ರತ್ಯೇಕ ನಿಯಮ ಮಾಡಬಹುದು.

ಇದಕ್ಕಿಂತ ಹತ್ತಿರದ ದಾರಿಯೂ ಉಂಟು. ಸಮಿತಿಯ ಮುಂದೆ ಹೋದ ಉತ್ತರಕ್ಕೆ ರಕ್ಷಣೆ ಇದೆ ಎಂದು ಹೇಳಬಹುದು, ಆ ಉತ್ತರದ ಹಿಂದಿರುವ ಮೂಲ ದಾಖಲೆಗೆ ಹಾಗೆ ಹೇಳಲಾಗದು. ಬಿಲ್ಲು, ಅಳತೆ ಪುಸ್ತಕ, ಫಲಾನುಭವಿಗಳ ಸಂಖ್ಯೆ, ಮಂಜೂರಾತಿ ಆದೇಶ ಇವೆಲ್ಲ ಇಲಾಖೆಯ ದಿನನಿತ್ಯದ ಕಡತಗಳು. ಇವನ್ನು ವಿದ್ಯಾನಗರದ ಕಲೆಕ್ಟರೇಟಿನಲ್ಲೋ ಸಂಬಂಧಪಟ್ಟ ಜಿಲ್ಲಾ ಕಚೇರಿಯಲ್ಲೋ ಕೇಳಿ, ಅರ್ಜಿಯಲ್ಲಿ ಸಮಿತಿಯ ಹೆಸರನ್ನೇ ಎತ್ತಬೇಡಿ.

ಯಾವ ಸಮಿತಿಗೆ ಈ ರಕ್ಷಣೆ ಎಂಬುದರಲ್ಲೂ ಗೊಂದಲ ಬಹಳ. ಮಲಯಾಳ ಚಿತ್ರರಂಗದ ಮಹಿಳೆಯರ ಸ್ಥಿತಿ ಪರಿಶೀಲಿಸಿದ ಹೇಮಾ ಸಮಿತಿ ಸರಕಾರ ನೇಮಿಸಿದ್ದು, ಸಭೆಯದ್ದಲ್ಲ. ಅದರ ವರದಿ ಮಾಹಿತಿ ಆಯೋಗದ ಆದೇಶದ ಮೇಲೆಯೇ 2024ರ ಆಗಸ್ಟಿನಲ್ಲಿ, ಕೆಲವು ಭಾಗ ಮರೆಮಾಡಿ ಹೊರಬಂತು. ನಮ್ಮ ಗಡಿಯ ಮಹಾಜನ ಆಯೋಗವೂ (1967ರ ವರದಿ) ಕೇಂದ್ರ ನೇಮಿಸಿದ್ದು.

ಅರ್ಜಿಗಳ ಸಮಿತಿಯಂಥವು ಜಿಲ್ಲೆಗೆ ಬಂದಾಗ ಅಹವಾಲು ಕೊಡುವವರಿಗೆ ಒಂದು ಎಚ್ಚರಿಕೆ: ದಿನಾಂಕ ಸಹಿತ ಸ್ವೀಕೃತಿ ಪಡೆದುಕೊಳ್ಳಿ. ಸಾಕ್ಷ್ಯ ಹೇಳಿದರೆ, ಅದನ್ನು ಹೊರಗೆ ಹೇಳಬಹುದೇ ಎಂದು ಸಮಿತಿಯ ಅಧಿಕಾರಿಯಲ್ಲಿ ಕೇಳಿಕೊಳ್ಳಿ. ಅದಕ್ಕೆ ಮೊದಲು ವಾಟ್ಸಪ್ ಗುಂಪಿಗೆ ಹಾಕಬೇಡಿ. 361ಎ ವಿಧಿ ಕಾಯುವುದು ಸದನದ ನಡಾವಳಿಯ ಪ್ರಾಮಾಣಿಕ ವರದಿಯನ್ನು, ಸಮಿತಿಯ ಕೋಣೆಯ ಮಾತಿಗೆ ಅದನ್ನು ನೆಚ್ಚಿಕೊಳ್ಳಬಾರದು. ಮಂಡನೆಯಾದ ಮೇಲೆ ಮಾತ್ರ ಆ ಕಾಗದಕ್ಕೆ ನಿಜವಾದ ಬಲ ಬರುತ್ತದೆ. ಸಂಸದೀಯ ಸಮಿತಿಯ ವರದಿಯನ್ನು ನ್ಯಾಯಾಲಯ ಪರಿಗಣಿಸಬಹುದು, ಆದರೆ ಅದರ ಸಿಂಧುತ್ವವನ್ನು ಅಲ್ಲಿ ಪ್ರಶ್ನಿಸುವಂತಿಲ್ಲ ಎಂದು 2018ರ ಕಲ್ಪನಾ ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ.

ಭಾಷೆಯ ವಿಷಯದಲ್ಲಿ ಮಾತ್ರ ಈ ಸೇವೆಗೆ ನಾನು ಅಂಕ ಕೊಡಲಾರೆ. 2021ರಲ್ಲಿ ಮಂಜೇಶ್ವರದ ಶಾಸಕ ಎ.ಕೆ.ಎಂ. ಅಶ್ರಫ್ ಅದೇ ಸದನದಲ್ಲಿ ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದರು. ವರದಿಗಳು ಬರುವುದು ಮಲಯಾಳ, ಇಂಗ್ಲಿಷಿನಲ್ಲಿ. ಇಡೀ ವರದಿಯ ಅನುವಾದ ಕೇಳುವುದು ಬೇಡ, ಕಾಸರಗೋಡಿಗೆ ಸಂಬಂಧಿಸಿದ ವರದಿಗಳ ಅನುಬಂಧ ಒಂದರ ಕೋಷ್ಟಕವಷ್ಟೇ ಕನ್ನಡದಲ್ಲಿ ಬಂದರೂ ಸಾಕು. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಸ್ಪೀಕರ್ ಹೆಸರಿಗೆ ಕನ್ನಡದಲ್ಲೇ ಬರೆಯಿರಿ, ವರದಿಯ ಸಂಖ್ಯೆ ಮತ್ತು ಮಂಡನೆಯ ದಿನಾಂಕ ನಮೂದಿಸಿ, ಒಂದು ಪ್ರತಿಯನ್ನು ನಿಮ್ಮ ಶಾಸಕರಿಗೆ ಕೊಡಿ.