‘ಫುಲ್ ಐತ್ರಿ’ ಎಂದು ಕೊಟ್ಟ ಸ್ಕೂಬಾ ಸಿಲಿಂಡರ್‌ನಲ್ಲಿ ಇದ್ದದ್ದು ಗಾಳಿ ಅಲ್ಲ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯವರು ಯಾರಾದರೂ ಸೆಕೆಂಡ್ ಹ್ಯಾಂಡ್ ಸ್ಕೂಬಾ ಸೆಟ್ (ನೀರಿನಡಿ ಉಸಿರಾಡಲು ಬೆನ್ನಿಗೆ ಕಟ್ಟಿಕೊಳ್ಳುವ ಸಿಲಿಂಡರ್, ಅದರ ಜೊತೆಗಿನ ಸಾಮಾನು) ತಗೊಳ್ಳುವ ಯೋಚನೆಯಲ್ಲಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಅದರಲ್ಲೂ ಮಾರುವವರು ‘ಸಿಲಿಂಡರ್ ಫುಲ್ ಇದೆ, ನೇರ ನೀರಿಗಿಳಿಯಬಹುದು’ ಎಂದು ಹೇಳುತ್ತಿದ್ದರೆ ಇನ್ನೂ ಹುಷಾರಾಗಿರಿ. ನನಗೆ ಕೊಟ್ಟ ಸಿಲಿಂಡರ್ ಖಾಲಿಯೇನೂ ಇರಲಿಲ್ಲ. ಆದರೆ ಅದರಲ್ಲಿ ತುಂಬಿದ್ದು ಮಾಮೂಲಿ ಗಾಳಿಯಲ್ಲ, ಗ್ಯಾಸ್ ವೆಲ್ಡಿಂಗ್‌ಗೆ ಬಳಸುವ ಆಕ್ಸಿಜನ್. ಅದನ್ನು ಬೆನ್ನಿಗೆ ಹಾಕಿಕೊಂಡು ಸಮುದ್ರಕ್ಕೆ ಇಳಿದಿದ್ದರೆ ನಾನು ಜೀವಂತ ಮೇಲೆ ಬರುತ್ತಿದ್ದೆನೋ ಇಲ್ಲವೋ.

ನಾನು ಜಮಖಂಡಿ ಕಡೆಯವನು, ಕೆಲಸ ಬೆಳಗಾವಿಯಲ್ಲಿ. ಡೈವಿಂಗ್ ಕಲಿತದ್ದು ಮುರುಡೇಶ್ವರದಲ್ಲಿ. ಮಳೆಗಾಲ ಮುಗಿದು ಬೋಟುಗಳು ಶುರುವಾದರೆ ಅಲ್ಲಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್‌ಗೆ ಹೋಗುವುದು ರೂಢಿ. ಪ್ರತಿಸಲ ಬಾಡಿಗೆ ಸೆಟ್ ಬದಲು ಸ್ವಂತದ್ದು ಇದ್ದರೆ ಒಳ್ಳೆಯದು ಅನ್ನಿಸುತ್ತಿತ್ತು. ಹೊಸ ಸೆಟ್ ದುಬಾರಿ. ಗೋವಾ, ಮಾಲ್ವಣ ಎರಡೂ ನಮಗೆ ಹತ್ತಿರ ಇರುವುದರಿಂದ ಅಲ್ಲಿ ಬಾಡಿಗೆಗೆ ಓಡಿಸಿದ ಹಳೇ ಸೆಟ್‌ಗಳು ಬೆಳಗಾವಿಗೂ ಬರುತ್ತವೆ. ಹಾಗೆ ಬಂದದ್ದೊಂದು ಮಾರಾಟಕ್ಕಿದೆ ಎಂದು ಗೊತ್ತಾಗಿ ಹೋಗಿ ನೋಡಿದೆ.

ಮಾರುವವನು ಮಾತಿನಲ್ಲಿ ತುಂಬಾ ಚುರುಕು. ರೆಗ್ಯುಲೇಟರ್ (ಸಿಲಿಂಡರ್‌ನಿಂದ ಬಾಯಿಗೆ ಗಾಳಿ ಕೊಡುವ ಸಾಧನ), ಬಿಸಿಡಿ (ನೀರಿನಲ್ಲಿ ತೇಲಲು, ಮುಳುಗಲು ಗಾಳಿ ತುಂಬಿಸುವ ಜಾಕೆಟ್), ಒತ್ತಡ ತೋರಿಸುವ ಗೇಜ್, ಅಲ್ಯೂಮಿನಿಯಂ ಸಿಲಿಂಡರ್, ಎಲ್ಲ ಸೇರಿ 42,000 ರೂಪಾಯಿ. ರೆಗ್ಯುಲೇಟರ್ ಮೇಲೆ ‘ಸರ್ವಿಸ್ ಆಗಿದೆ’ ಎನ್ನುವ ಸ್ಟಿಕ್ಕರ್. ಸಿಲಿಂಡರ್‌ಗೆ ಹಳದಿ ಬಣ್ಣ, ಕನ್ನಡಿ ಹಾಗೆ ಹೊಳೆಯುತ್ತಿತ್ತು. ಅವನೇ ವಾಲ್ವ್ ತೆರೆದು ಗೇಜ್ ತೋರಿಸಿದ. 150 ಬಾರ್ (ಬಾರ್ ಅಂದರೆ ಒತ್ತಡದ ಅಳತೆ) ಹತ್ತಿರ ಮುಳ್ಳು ನಿಂತಿತ್ತು. ನಾನು ರೆಗ್ಯುಲೇಟರ್ ಬಾಯಿಗಿಟ್ಟು ಉಸಿರೆಳೆದೆ, ಸರಾಗ ಬಂತು. ಬಿಸಿಡಿ ಊದಿಸಿದೆ, ಎಲ್ಲೂ ಸೋರಲಿಲ್ಲ. ಬಟನ್ ಒತ್ತಿದೆ, ಸಿಕ್ಕಿಹಾಕಿಕೊಳ್ಳಲಿಲ್ಲ.

‘ಫುಲ್ ಐತ್ರಿ ಸರ. ಹಂಗಾ ಹಾಕ್ಕೊಂಡು ಇಳೀರಿ, ಏನೂ ಚಿಂತಿ ಮಾಡಬ್ಯಾಡ್ರಿ’ ಎಂದ.

ಇಲ್ಲಿ ಒಂದು ಮಾತು. ನಾನು ಮಾಡಿದ ಆ ಪರೀಕ್ಷೆಗಳನ್ನೇ ಸಾಮಾನ್ಯವಾಗಿ ಎಲ್ಲರೂ ಮಾಡುತ್ತಾರೆ. ಅವು ಬೇಕು ಕೂಡ. ಆದರೆ ಗೇಜ್ ಹೇಳುವುದು ಒಳಗೆ ಎಷ್ಟು ಒತ್ತಡ ಇದೆ ಎಂದು ಮಾತ್ರ. ಒಳಗಿರುವುದು ಏನು ಎಂದು ಅದು ಹೇಳುವುದಿಲ್ಲ. ಆಕ್ಸಿಜನ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ನೆಲದ ಮೇಲೆ ನಿಂತು ನಾಲ್ಕು ಸಲ ಉಸಿರೆಳೆದರೆ ಗಾಳಿಗೂ ಅದಕ್ಕೂ ಯಾವ ವ್ಯತ್ಯಾಸವೂ ಗೊತ್ತಾಗುವುದಿಲ್ಲ.

ಸೆಟ್ ತಗೊಂಡು ಮುರುಡೇಶ್ವರಕ್ಕೆ ಹೋದೆ. ಅಲ್ಲಿ ನನಗೆ ಕಲಿಸಿದ ಇನ್‌ಸ್ಟ್ರಕ್ಟರ್ ಬೆಳಿಗ್ಗೆ ಬೋಟಿಗೆ ಸಾಮಾನು ಹಾಕುವಾಗ ಆ ಹಳದಿ ಸಿಲಿಂಡರ್ ಎತ್ತಿ ನೋಡಿದರು. ‘ಇದನ್ನು ಯಾರು ತುಂಬಿಸಿದ್ದು?’ ಎಂದು ಕೇಳಿದರು. ಫುಲ್ ಇದ್ದದ್ದನ್ನೇ ಕೊಟ್ಟರು ಎಂದೆ. ‘ಬೆಳಗಾವಿಯಲ್ಲಿ ಎಲ್ಲಿ ತುಂಬಿಸುತ್ತಾರೆ ಮಾರಾಯ್ರೇ?’ ಎಂದವರೇ ಒಳಗೆ ಹೋಗಿ ಆಕ್ಸಿಜನ್ ಅನಲೈಸರ್ ತಂದರು. ನೂರಕ್ಕೆ ಎಷ್ಟು ಭಾಗ ಆಕ್ಸಿಜನ್ ಇದೆ ಎಂದು ಅಳೆಯುವ, ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣ ಡಬ್ಬಿ ಅದು. ಹೊರಗಿನ ಗಾಳಿಗೆ ಹಿಡಿದರು, 20.9 ತೋರಿಸಿತು. ಅದು ಸರಿಯಾದ ಅಂಕಿ. ಆಮೇಲೆ ಸಿಲಿಂಡರ್ ವಾಲ್ವ್ ಸ್ವಲ್ಪವೇ ತೆರೆದು ಅದರ ಮುಂದೆ ಹಿಡಿದರು. 30 ಆಯಿತು. 50 ಆಯಿತು. 80 ದಾಟಿತು. 96ರ ಹತ್ತಿರ ಬಂದು ನಿಂತಿತು. ಅವರು ವಾಲ್ವ್ ಮುಚ್ಚಿದರು. ಅಲ್ಲಿದ್ದ ಹುಡುಗರಿಗೆ ಇದರ ಹತ್ತಿರ ಯಾರೂ ಬೀಡಿ ಸಿಗರೇಟು ಹಚ್ಚಬೇಡಿ ಎಂದರು. ಆಮೇಲೆ ನನ್ನ ಮುಖ ನೋಡಿದರು.

ಆಕ್ಸಿಜನ್ ಅಂದರೆ ಒಳ್ಳೆಯದೇ ಅಲ್ವಾ ಎಂದು ಬಹಳ ಜನ ಕೇಳುತ್ತಾರೆ. ನೆಲದ ಮೇಲೆ, ಡಾಕ್ಟರು ಹೇಳಿದಾಗ, ಹೌದು. ನೀರಿನ ಅಡಿಯಲ್ಲಿ ಲೆಕ್ಕವೇ ಬೇರೆ. ನಾವು ಉಸಿರಾಡುವ ಗಾಳಿಯಲ್ಲಿ ಆಕ್ಸಿಜನ್ ಇರುವುದು ನೂರಕ್ಕೆ ಸುಮಾರು 21 ಭಾಗ ಮಾತ್ರ. ನೀರಿನ ಮೇಲೆ ಗಾಳಿಯ ಒತ್ತಡ ಸುಮಾರು ಒಂದು ಬಾರ್. ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒತ್ತಡ ಒಂದೊಂದು ಬಾರ್ ಏರುತ್ತದೆ. ಡೈವಿಂಗ್‌ನಲ್ಲಿ ಆ ಒತ್ತಡದಲ್ಲಿ ಆಕ್ಸಿಜನ್ನಿನ ಪಾಲು 1.4 ಬಾರ್ ದಾಟಬಾರದು, ಏನೇ ಆದರೂ 1.6 ಮೀರಬಾರದು ಎಂದು ಕಲಿಸುತ್ತಾರೆ. ಶುದ್ಧ ಆಕ್ಸಿಜನ್ ಹಾಕಿಕೊಂಡು ಇಳಿದರೆ ಬರೀ 6 ಮೀಟರಿಗೇ ಆ 1.6 ಮುಟ್ಟುತ್ತದೆ. 12 ಮೀಟರಿನಲ್ಲಿ 2.2. ಆಗ ಫಿಟ್ಸ್ ಬರಬಹುದು, ಎಷ್ಟೋ ಸಲ ಯಾವ ಮುನ್ಸೂಚನೆಯೂ ಇಲ್ಲದೆ. ಬಾಯಿಯಿಂದ ರೆಗ್ಯುಲೇಟರ್ ಜಾರುತ್ತದೆ, ನೀರು ಒಳಗೆ ಹೋಗುತ್ತದೆ. ಪಕ್ಕದಲ್ಲೇ ಜೊತೆಗಾರ ಇದ್ದರೂ ಉಳಿಸುವುದು ಕಷ್ಟ.

ಇನ್ನೊಂದು ಅಪಾಯ ಬೆಂಕಿಯದು. ಇದನ್ನು ಬೆಳಗಾವಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಉದ್ಯಮಬಾಗದ ಯಾವ ಗ್ಯಾಸ್ ವೆಲ್ಡರನ್ನಾದರೂ ಕೇಳಿ, ಆಕ್ಸಿಜನ್ ವಾಲ್ವ್‌ಗೆ ಎಣ್ಣೆ ಕೈ, ಗ್ರೀಸ್ ಕೈ ತಾಗಿಸಬೇಡಿ ಎಂದು ಅವರೇ ಹೇಳುತ್ತಾರೆ. ಒತ್ತಡದ ಆಕ್ಸಿಜನ್ ಇರುವ ಕಡೆ ಎಣ್ಣೆ ಜಿಡ್ಡು ಇದ್ದರೆ, ವಾಲ್ವ್ ಒಮ್ಮೆಗೇ ತೆರೆದಾಗ ಹುಟ್ಟುವ ಬಿಸಿಯೇ ಸಾಕು, ಕಿಡಿ ಬೇಕಿಲ್ಲ. ನನ್ನ ಸೆಟ್‌ನ ಹೋಸ್‌ಗಳಿಗೆ ಮಿಂಚಲಿ ಎಂದು ಎಣ್ಣೆಯಂಥದ್ದೇನೋ ಒರೆಸಿದ್ದರು. ಮಾರಿದವನ ಮಳಿಗೆಯಲ್ಲಿ ವಾಲ್ವ್ ತೆರೆದಾಗ ನಾವಿಬ್ಬರೂ ಪಕ್ಕದಲ್ಲೇ ನಿಂತಿದ್ದೆವು. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಜುಂ ಎನ್ನುತ್ತದೆ.

ಮುರುಡೇಶ್ವರದಿಂದಲೇ ಮಾರಿದವನಿಗೆ ಫೋನ್ ಮಾಡಿದೆ. ಅವನು ಸ್ವಲ್ಪವೂ ಅಳುಕಲಿಲ್ಲ. ‘ಇಲ್ಲಿ ಗಾಳಿ ಎಲ್ಲಿ ತುಂಬಸ್ತಾರ್ರಿ? ನಮ್ಮ ಹುಡುಗ ವೆಲ್ಡಿಂಗ್ ಗ್ಯಾಸಿನವರ ಕಡೆ ತುಂಬಿಸ್ಕೊಂಡು ಬಂದಾನ. ದವಾಖಾನ್ಯಾಗ ಅದನ್ನ ಕೊಡ್ತಾರಲ್ರೀ, ಗಾಳಿಗಿಂತ ಚೊಲೋನ ಅಲ್ಲೇನು?’ ಎಂದ. ಹಣ ವಾಪಸ್ ಕೇಳಿದೆ. ಮಾಲು ನೋಡಿಯೇ ತಗೊಂಡಿರಲ್ಲ ಎಂದು ಫೋನ್ ಇಟ್ಟ. ಆಮೇಲೆ ಎತ್ತಲೇ ಇಲ್ಲ. ಪೊಲೀಸರಿಗೆ ಬರೆದು ಕೊಟ್ಟಿದ್ದೇನೆ. ಹಣ ಇನ್ನೂ ಬಂದಿಲ್ಲ.

ಉಳಿದ ಸಾಮಾನನ್ನೂ ಇನ್‌ಸ್ಟ್ರಕ್ಟರ್ ಬಿಚ್ಚಿ ತೋರಿಸಿದರು. ರೆಗ್ಯುಲೇಟರ್ ಸಿಲಿಂಡರ್‌ಗೆ ಕೂರುವ ಬಾಯಲ್ಲಿ ಶರ್ಟಿನ ಗುಂಡಿಗಿಂತ ಸಣ್ಣ ಒಂದು ಲೋಹದ ಫಿಲ್ಟರ್ ಇರುತ್ತದೆ. ಬೆಳ್ಳಿ ಬಣ್ಣದ್ದಾಗಿರಬೇಕು. ನನ್ನದು ಪಾಚಿ ಹಸಿರು. ಹಸಿರು ಇದ್ದರೆ ಒಳಗೆ ಉಪ್ಪುನೀರು ಹೋಗಿದೆ ಎಂದು ಲೆಕ್ಕ. ಕೆಂಪು ಕಂದು ಇದ್ದರೆ ಯಾವುದೋ ಕಬ್ಬಿಣದ ಸಿಲಿಂಡರ್‌ನ ತುಕ್ಕು ಬಂದಿದೆ. ಕಪ್ಪಗಿದ್ದರೆ ಕೆಟ್ಟ ಕಂಪ್ರೆಸರ್‌ನ ಎಣ್ಣೆ, ಮಸಿ. ಕೊಳ್ಳುವಾಗ ಮೊಬೈಲ್ ಟಾರ್ಚ್ ಹಾಕಿ ಮೊದಲು ನೋಡಬೇಕಾದ ಜಾಗ ಇದೇ. ಇದಕ್ಕೆ ಏನೂ ಬಿಚ್ಚಬೇಕಿಲ್ಲ, ಧೂಳಿನ ಮುಚ್ಚಳ ತೆಗೆದರೆ ಸಾಕು. ಸ್ಟಿಕ್ಕರ್ ಮೇಲೆ ಏನು ಬರೆದಿದ್ದರೂ ಆ ಫಿಲ್ಟರ್ ಸುಳ್ಳು ಹೇಳುವುದಿಲ್ಲ.

ಸಿಲಿಂಡರ್ ಬಣ್ಣದ ಕಥೆ ಇನ್ನೂ ಕೆಟ್ಟದು. ಪ್ರತಿ ಸಿಲಿಂಡರ್‌ನ ಭುಜದ ಮೇಲೆ ಅಕ್ಷರ, ಅಂಕಿ ಒತ್ತಿರುತ್ತಾರೆ. ಯಾವ ಲೋಹ, ಎಷ್ಟು ಒತ್ತಡ, ಯಾವ ತಿಂಗಳು ಯಾವ ವರ್ಷ ನೀರಿನ ಒತ್ತಡದ ಪರೀಕ್ಷೆ (ಒಳಗೆ ನೀರು ತುಂಬಿ ಒತ್ತಡ ಹಾಕಿ ಸಿಲಿಂಡರ್ ತಡೆಯುತ್ತದೆಯೇ ಎಂದು ನೋಡುವುದು) ಆಗಿದೆ ಎನ್ನುವುದೆಲ್ಲ ಅಲ್ಲೇ ಸಿಗುತ್ತದೆ. ನನ್ನದರಲ್ಲಿ ದಪ್ಪ ಬಣ್ಣ ಅದನ್ನೆಲ್ಲ ಮುಚ್ಚಿತ್ತು. ಕೆರೆದು ನೋಡಿದರೆ ಕೊನೆಯ ಪರೀಕ್ಷೆ 2011ರದ್ದು. ಜೊತೆಗೆ ಅದು ಬ್ರಶ್ಶಿನ ಬಣ್ಣವಲ್ಲ, ಪೌಡರ್ ಕೋಟಿಂಗ್. ಅಂದರೆ ಒಲೆಯಲ್ಲಿ ಇಟ್ಟು ಬೇಯಿಸಿದ್ದು. ಅಲ್ಯೂಮಿನಿಯಂ ಸಿಲಿಂಡರ್ 177 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾದರೆ ಲೋಹದ ಗಟ್ಟಿತನ ಹೋಗಿರಬಹುದು, ಆಮೇಲೆ ಅದನ್ನು ಬಳಸಲೇಬಾರದು ಎನ್ನುವುದು ನಿಯಮ. ಗೇಟು, ಗ್ರಿಲ್‌ಗೆ ಮಾಡುವ ಪೌಡರ್ ಕೋಟಿಂಗ್ ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿ ಬಿಸಿಯಲ್ಲೇ ಆಗುವುದು. ಈ ಸಿಲಿಂಡರ್ ತುಂಬುವ ಒತ್ತಡ ಸುಮಾರು 207 ಬಾರ್. ಕಾರಿನ ಟೈರ್‌ನಲ್ಲಿ ಇರುವುದರ ಹೆಚ್ಚುಕಡಿಮೆ 90 ಪಟ್ಟು. ಮೆತ್ತಗಾದ ಲೋಹ ಅದನ್ನು ತಡೆಯದೆ ಒಡೆದರೆ ಹತ್ತಿರ ನಿಂತವರು ಉಳಿಯುವುದಿಲ್ಲ. ಇನ್ನು 1988ಕ್ಕಿಂತ ಹಳೆಯ ಅಲ್ಯೂಮಿನಿಯಂ ಸಿಲಿಂಡರ್ ಯಾರಾದರೂ ಕಡಿಮೆ ಬೆಲೆಗೆ ತೋರಿಸಿದರೆ ಬಿಟ್ಟುಬಿಡಿ. ಆಗಿನ ಎಷ್ಟೋ ಸಿಲಿಂಡರ್‌ಗಳು 6351 ಎನ್ನುವ ಮಿಶ್ರಲೋಹದವು. ಅವುಗಳ ಕುತ್ತಿಗೆಯಲ್ಲಿ ಬಿರುಕು ಬಿಡುವ ರೋಗವಿದೆ.

ಇಷ್ಟೇ ಆಗಿದ್ದರೆ ನನ್ನ ಹಣ ಹೋಯಿತು ಎಂದು ಸುಮ್ನೆ ಇರುತ್ತಿದ್ದೆ. ಆದರೆ ಊರಿಗೆ ಹೋದಾಗ ನಮ್ಮ ಕಾಕಾ ಹೇಳಿದ ಮಾತು ಕೇಳಿ ನಿದ್ದೆ ಬರಲಿಲ್ಲ. ಇದೇ ಮನುಷ್ಯ ಇಂಥವೇ ಸೆಟ್‌ಗಳನ್ನು ಕೃಷ್ಣಾ ಹೊಳೆ ದಂಡೆಯ ರೈತರಿಗೂ ತೋರಿಸುತ್ತಿದ್ದಾನಂತೆ. ಅಥಣಿ, ರಾಯಬಾಗ, ಜಮಖಂಡಿ ಕಡೆ ಹೊಳೆಗೆ ಪಂಪ್‌ಸೆಟ್ ಇಟ್ಟವರಿಗೆ ಫುಟ್‌ವಾಲ್ವ್‌ಗೆ ಕಸ ಸಿಕ್ಕಿಕೊಳ್ಳುವುದು, ಮೋಟರ್ ಒಳಗೆ ಜಾರುವುದು ಇದ್ದದ್ದೇ. ಈಜು ಬಲ್ಲ ಹುಡುಗರು ಉಸಿರು ಬಿಗಿಹಿಡಿದು ಮುಳುಗಿ ಬಿಡಿಸುತ್ತಾರೆ. ಅವರಿಗೆ ಇವನು ‘ಇದನ್ನ ಬಾಯಾಗ ಇಟ್ಕೊಂಡು ಇಳೀರಿ, ಅರ್ಧಾ ತಾಸು ಕೆಲಸಾ ಮಾಡಬಹುದು’ ಎನ್ನುತ್ತಿದ್ದಾನಂತೆ.

ದಯವಿಟ್ಟು ನಿಮ್ಮ ಮನೆಯ, ಊರಿನ ಹುಡುಗರಿಗೆ ಹೇಳಿ. ಸಿಲಿಂಡರ್ ಗಾಳಿ ಉಸಿರಾಡುವುದು ನಮ್ಮ ಮಾಮೂಲಿ ಮುಳುಗಿನ ಹಾಗಲ್ಲ. 10 ಮೀಟರ್ ಆಳದಲ್ಲಿ ಎದೆ ತುಂಬ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ. ಹೊಳೆಯಲ್ಲಿ ಮುಳುಗಿ ರೂಢಿ ಇದ್ದವನು ಅಭ್ಯಾಸಬಲದಿಂದ ಉಸಿರು ಹಿಡಿದೇ ಮೇಲೆ ಬರುತ್ತಾನೆ. ಆಗ ಪುಪ್ಪುಸ ಹರಿದು ಗಾಳಿ ರಕ್ತಕ್ಕೆ ಸೇರುತ್ತದೆ. ಇದಕ್ಕೆ 10 ಮೀಟರ್ ಆಳವೂ ಬೇಕಿಲ್ಲ, ಒಂದೆರಡು ಆಳು ನೀರಿನಲ್ಲೂ ಆಗಬಹುದು. ಡೈವಿಂಗ್ ಕಲಿಸುವಾಗ ಮೊದಲ ದಿನವೇ ಹೇಳುವ ಪಾಠ ‘ಉಸಿರು ಎಂದೂ ಹಿಡಿಯಬೇಡ’ ಎಂಬುದು. ಸೆಟ್ ಮಾರುವವನು ಆ ಒಂದು ಮಾತನ್ನೂ ಹೇಳುತ್ತಿಲ್ಲ. ಅದರ ಮೇಲೆ ಒಳಗೆ ತುಂಬಿರುವುದು ವೆಲ್ಡಿಂಗ್ ಆಕ್ಸಿಜನ್ ಆಗಿದ್ದರೆ ಏನು ಗತಿ?

ಹಾಗಂತ ಹಳೇ ಸಾಮಾನು ಕೊಳ್ಳಲೇಬೇಡಿ ಎಂದು ನಾನು ಹೇಳುವುದಿಲ್ಲ. ಕಾಲಿಗೆ ಹಾಕುವ ಫಿನ್, ಮಾಸ್ಕ್, ಮೈಗೆ ಹಾಕುವ ವೆಟ್‌ಸೂಟ್ ಧಾರಾಳವಾಗಿ ತಗೊಳ್ಳಿ. ಕೆಟ್ಟಿದ್ದರೆ ಹಣ ಹೋಗುತ್ತದೆ, ಅಷ್ಟೇ. ಬಿಸಿಡಿ ಊದಿಸಿ ಒಂದು ರಾತ್ರಿ ಬಿಟ್ಟು ನೋಡಿ ತಗೊಳ್ಳಬಹುದು. ರೆಗ್ಯುಲೇಟರ್‌ಗೆ ಮಾತ್ರ ಪೂರ್ತಿ ಸರ್ವಿಸ್ ಖರ್ಚು ಸೇರಿಸಿಯೇ ಬೆಲೆ ಲೆಕ್ಕ ಹಾಕಿ, ಮತ್ತು ಸರ್ವಿಸ್ ಆಗುವವರೆಗೆ ಅದನ್ನು ಹಾಕಿಕೊಂಡು ನೀರಿಗಿಳಿಯಬೇಡಿ. ಸಿಲಿಂಡರ್ ಆದಷ್ಟು ಕೊಳ್ಳದಿರುವುದೇ ವಾಸಿ. ಸಮುದ್ರ ದಂಡೆಯ ಡೈವ್ ಸೆಂಟರ್‌ಗಳಲ್ಲಿ ಡೈವ್ ಜೊತೆಗೇ ಸಿಲಿಂಡರ್ ಕೊಡುತ್ತಾರೆ, ಬೆಳಗಾವಿಯಿಂದ ಹೊತ್ತುಕೊಂಡು ಹೋಗಿ ಏನು ಮಾಡುವುದು? ಬೇಕೇ ಬೇಕು ಎಂದಾದರೆ ಖಾಲಿ ಸಿಲಿಂಡರ್ ಮಾತ್ರ ತಗೊಳ್ಳಿ. ವಾಲ್ವ್ ಬಿಚ್ಚಿಸಿ ಒಳಗೆ ನೋಡಿಸಿ. ಪೆಸೊ (ಕೇಂದ್ರ ಸರ್ಕಾರದ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ) ಮಾನ್ಯತೆ ಇರುವ ಪರೀಕ್ಷಾ ಕೇಂದ್ರದಲ್ಲಿ ಒತ್ತಡದ ಪರೀಕ್ಷೆ ಮಾಡಿಸಿದ ಮೇಲೆಯೇ ತುಂಬಿಸಿ.

ಮಾರುವವರಿಗೂ ಒಂದು ವಿನಂತಿ. ನಿಮ್ಮ ಹಳೇ ಸಿಲಿಂಡರ್‌ನ ಗಾಳಿ ಬಿಟ್ಟು, ಕೊನೆಯ ಪರೀಕ್ಷೆಯ ವರ್ಷ ಕಾಣುವ ಹಾಗೆ ಫೋಟೋ ಹಾಕಿ. ಬಣ್ಣ ಹೊಡೆಸಲು ಹೋಗಬೇಡಿ. ಇನ್ನು ದುಡ್ಡಿನ ವಿಷಯದಲ್ಲಿ ಮಾರುವವರೂ ಮೋಸ ಹೋಗುತ್ತಿದ್ದಾರೆ. ಕೊಳ್ಳುತ್ತೇನೆ ಎಂದು ಫೋನ್ ಮಾಡಿದವರು ‘ನಾನು ಮಿಲಿಟರಿಯಲ್ಲಿದ್ದೇನೆ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ, ನಿಮಗೆ ಹಣ ಬರುತ್ತೆ’ ಎಂದರೆ ಮಾತು ಮುಂದುವರಿಸಬೇಡಿ. ಹಣ ಬರಲು ಪಿನ್ ಬೇಡ, ಹೋಗಲು ಮಾತ್ರ ಬೇಕು. ಹಣ ಹೋಗಿಬಿಟ್ಟರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಈಗಾಗಲೇ ಯಾರ ಮನೆಯಲ್ಲಾದರೂ ಹೀಗೆ ‘ಫುಲ್’ ಎಂದು ಕೊಟ್ಟ ಸಿಲಿಂಡರ್ ಇದ್ದರೆ ಅದಕ್ಕೆ ರೆಗ್ಯುಲೇಟರ್ ಹಾಕಬೇಡಿ. ಎಣ್ಣೆ, ಗ್ರೀಸ್ ಇರುವ ಕೈಯಲ್ಲಿ ಮುಟ್ಟಬೇಡಿ. ಅಡುಗೆಮನೆ, ವೆಲ್ಡಿಂಗ್ ಶೆಡ್, ಟ್ರ್ಯಾಕ್ಟರ್ ನಿಲ್ಲಿಸುವ ಜಾಗದಿಂದ ದೂರ ಇಡಿ. ಯಾರು, ಎಲ್ಲಿ ತುಂಬಿಸಿದರು ಎಂದು ಮಾರಿದವನನ್ನು ಕೇಳಿ ಬರೆದಿಟ್ಟುಕೊಳ್ಳಿ. ಗೊತ್ತಿದ್ದವರಿಂದ ಅನಲೈಸರ್ ಹಿಡಿಸಿ ನೋಡುವವರೆಗೆ ಅದನ್ನು ಬೇರೆಯವರಿಗೆ ಕೊಡಬೇಡಿ, ಮಾರಲೂಬೇಡಿ. ಯಾರ ಹತ್ತಿರ ಒಯ್ಯಬೇಕೋ ಗೊತ್ತಾಗದಿದ್ದರೆ ನನಗೆ ಮೆಸೇಜ್ ಮಾಡಿ, ನಾನೇ ಜೊತೆಗೆ ಬರುತ್ತೇನೆ.