ವೈರ್ ಇಯರ್‌ಫೋನ್, ಡಾಂಗಲ್ ಮತ್ತು ಮೂರು ಮಳೆಗಾಲ

ಊರು ತೀರ್ಥಹಳ್ಳಿ ಹತ್ತಿರ, ಕೆಲಸ ಶಿವಮೊಗ್ಗದಲ್ಲಿ. ಹಾಗಾಗಿ ಹಾಡು ಕೇಳುವುದೆಲ್ಲ ಬಸ್ಸಿನಲ್ಲಿ, ಇಲ್ಲವೇ ರಜೆಯಲ್ಲಿ ಊರಿನ ಮನೆಯ ಜಗಲಿಯಲ್ಲಿ. ಬಳಸುತ್ತಿರುವುದು ಎರಡು ಸಾವಿರದೊಳಗಿನ ವೈರ್ ಇಯರ್‌ಫೋನ್, ಸಾವಿರದ ಆಸುಪಾಸಿನ ಡಾಂಗಲ್ (ಫೋನಿನ ಚಾರ್ಜಿಂಗ್ ತೂತಿಗೂ ವೈರಿಗೂ ನಡುವೆ ಸಿಕ್ಕಿಸುವ ಪುಟ್ಟ ಅಡಾಪ್ಟರ್), ಜ್ಯಾಕ್ (ಇಯರ್‌ಫೋನ್ ಚುಚ್ಚುವ ದುಂಡನೆ ತೂತು) ಇಲ್ಲದ ಮಧ್ಯಮ ದರದ ಆಂಡ್ರಾಯ್ಡ್ ಫೋನ್. ಮೂರು ಮಳೆಗಾಲ ದಾಟಿವೆ. ಮಾಡೆಲ್ ಹೆಸರು ಬರೆಯುತ್ತಿಲ್ಲ, ಈ ದರದವು ವರ್ಷ ತಿರುಗುವುದರೊಳಗೆ ಅಂಗಡಿಯಿಂದ ಮಾಯವಾಗುತ್ತವೆ. ಏನು ನೋಡಿ ಕೊಳ್ಳಬೇಕು ಅನ್ನುವುದು ಅಷ್ಟು ಬೇಗ ಬದಲಾಗುವುದಿಲ್ಲ.

ಫೋನಿನ ವಿಷಯ ಮೊದಲು ಮುಗಿಸಿಬಿಡೋಣ. 2016ರಲ್ಲಿ ಐಫೋನ್ 7 ಜ್ಯಾಕ್ ತೆಗೆದ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ತೆಗೆದರು. ಈಗ ವೈರ್ ಹಾಕಬೇಕೆಂದರೆ ಹೆಚ್ಚಿನ ಫೋನುಗಳಿಗೆ ಡಾಂಗಲ್ ಬೇಕು. ಡಿಜಿಟಲ್ ಸಂಕೇತವನ್ನು ಕೇಳುವ ಸದ್ದಾಗಿ ಬದಲಿಸುವ ಡ್ಯಾಕ್ ಚಿಪ್ ಸಾಮಾನ್ಯವಾಗಿ ಆ ಡಾಂಗಲ್ ಒಳಗೇ ಇರುತ್ತದೆ. ಅಂದಮೇಲೆ ಫೋನಿನ ಸ್ವಂತ ಧ್ವನಿ ಗುಣಮಟ್ಟಕ್ಕೆ ಅಂತ ಹೆಚ್ಚು ದುಡ್ಡು ಕೊಡುವುದು ಸುಮ್ನೆ. ಜಾಗ ಜಾಸ್ತಿ ಇರುವ ಫೋನ್ ತೆಗೆದುಕೊಳ್ಳಿ. ಆಗುಂಬೆ ಘಾಟಿ ಕಡೆ ಹೋದರೆ ನೆಟ್‌ವರ್ಕ್ ಕೈಕೊಡುತ್ತದೆ, ಹಾಡು ಮೊದಲೇ ಇಳಿಸಿಕೊಂಡಿರಬೇಕು. ಧ್ವನಿಯಲ್ಲಿ ಏನನ್ನೂ ಬಿಡದ, ಸಿಡಿ ಗುಣಮಟ್ಟದ ಫ್ಲ್ಯಾಕ್ ಕಡತ ಐದು ನಿಮಿಷದ ಹಾಡಿಗೆ ಸುಮಾರು 30 ಎಂಬಿ ತಿನ್ನುತ್ತದೆ. 320 ಕೆಬಿಪಿಎಸ್ ಎಂಪಿ3 ಆದರೆ 12 ಎಂಬಿ ಸಾಕು. ಬಸ್ಸಿನ ಗದ್ದಲದಲ್ಲಿ ಇವೆರಡರ ವ್ಯತ್ಯಾಸ ನನ್ನ ಕಿವಿಗಂತೂ ಗೊತ್ತಾಗುವುದಿಲ್ಲ.

ಡಾಂಗಲ್ ಕೊಳ್ಳುವಾಗ ಒಂದು ಎಚ್ಚರ. ಮೊಬೈಲ್ ಅಂಗಡಿಯಲ್ಲಿ "ಎಲ್ಲಾ ಫೋನಿಗೂ ಆಗುತ್ತೆ ಸಾರ್" ಅಂತ ನೂರೈವತ್ತು ರೂಪಾಯಿಗೆ ಒಂದು ಅಡಾಪ್ಟರ್ ಕೊಟ್ಟಿದ್ದರು. ಅದರೊಳಗೆ ಡ್ಯಾಕ್ ಇಲ್ಲ, ಬರೀ ತಂತಿ. ಯುಎಸ್‌ಬಿ-ಸಿ ತೂತಿನಿಂದಲೇ ಅನಲಾಗ್ ಸದ್ದು ಕಳಿಸುವ ಫೋನುಗಳಿಗೆ ಮಾತ್ರ ಅದು ಕೆಲಸ ಮಾಡುತ್ತದೆ. ನನ್ನ ಫೋನು ಕಳಿಸುವುದಿಲ್ಲ. ವಾಪಸ್ ತೆಗೆದುಕೊಳ್ಳಲೂ ಇಲ್ಲ ಬಿಡಿ. ಡ್ಯಾಕ್ ಇರುವುದರಲ್ಲೂ ಕೆಲವಕ್ಕೆ ಆಂಡ್ರಾಯ್ಡ್‌ನಲ್ಲಿ ಪೂರ್ತಿ ವಾಲ್ಯೂಮ್ ಬರುವುದಿಲ್ಲ, ಹಾಗಾಗಿ ಅಂಗಡಿಯಲ್ಲೇ ನಿಮ್ಮ ಫೋನಿಗೆ ಚುಚ್ಚಿ ನೋಡಿ. ಇಯರ್‌ಫೋನಿನ ವಿದ್ಯುತ್ ತಡೆ 16ರಿಂದ 32 ಓಮ್ ಇದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ. 300 ಓಮ್‌ನ ಸ್ಟುಡಿಯೋ ಹೆಡ್‌ಫೋನ್ ತಂದು ಫೋನಿಗೆ ಸಿಕ್ಕಿಸಿದರೆ ಸದ್ದು ಸಪ್ಪೆಯಾಗುತ್ತದೆ.

ಇನ್ನು ಧ್ವನಿ. ನನ್ನ ಪರೀಕ್ಷೆ ಯಕ್ಷಗಾನ. ಇಯರ್‌ಫೋನಿನ ಹುಳುಕು ಅದರಷ್ಟು ಬೇಗ ಬೇರೆ ಯಾವುದರಲ್ಲೂ ಹೊರಬರುವುದಿಲ್ಲ. ಭಾಗವತರ ದನಿ ನಡುವಿನ ಸ್ವರಗಳಲ್ಲಿದೆ, ಮದ್ದಳೆ ಅದರ ಕೆಳಗೆ, ಚಂಡೆ ಮತ್ತು ತಾಳದ ಹೊಡೆತ ಮೇಲೆ. ಬೇಸ್ ಉಬ್ಬಿಸಿದ ಇಯರ್‌ಫೋನಿನಲ್ಲಿ ಮದ್ದಳೆ ಉಬ್ಬಿ ದನಿಯನ್ನು ನುಂಗುತ್ತದೆ. ಮೇಲಿನ ಸ್ವರ ಜಾಸ್ತಿ ಇದ್ದರೆ ಚಂಡೆ ಜೋರಾದ ಕೂಡಲೇ ಕಿವಿ ಚುಚ್ಚುತ್ತದೆ, ಹತ್ತು ನಿಮಿಷಕ್ಕೆ ತಲೆನೋವು. ನನ್ನದರಲ್ಲಿ ಭಾಗವತರ ಪದ ಒಂದೊಂದಕ್ಷರವೂ ಸ್ಪಷ್ಟ. ಮದ್ದಳೆಯ ಬೆರಳಿನ ಕೆಲಸವೂ ಕೇಳುತ್ತದೆ. ಚಂಡೆ ಮಾತ್ರ ಸ್ವಲ್ಪ ಒಣ ಅನಿಸುತ್ತದೆ, ಅದರ ನಾದ ಬೇಗ ಕಡಿದುಹೋಗುತ್ತದೆ. ಶಿವಮೊಗ್ಗ ಸುಬ್ಬಣ್ಣ ಅವರ ಆ ತುಂಬು ಕಂಠಕ್ಕೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಹಳೆ ಕ್ಯಾಸೆಟ್ಟಿನಿಂದ ಯಾರೋ ಏರಿಸಿದ ರೆಕಾರ್ಡಿಂಗ್ ಹಾಕಿದರೆ ಟೇಪಿನ ಸರಸರ ಸದ್ದೂ ಚೆನ್ನಾಗಿಯೇ ಕೇಳುತ್ತದೆ. ಅದಕ್ಕೆ ಇಯರ್‌ಫೋನನ್ನು ದೂರಬೇಡಿ.

ಅಪ್ಪಯ್ಯನಿಗೆ ಒಂದು ತಾಳಮದ್ದಳೆ (ಕುಣಿತವಿಲ್ಲದೆ, ಕೂತು ಮಾತಿನಲ್ಲೇ ಅರ್ಥ ಹೇಳುವ ಯಕ್ಷಗಾನ) ಹಾಕಿ ಕೊಟ್ಟೆ. "ಅರ್ಥ ಎಲ್ಲಾ ಬಿಡಿಬಿಡಿಯಾಗಿ ಕೇಳ್ತದೆ. ಆದ್ರೆ ಈ ದಾರ ಯಾರಿಗೆ ಬೇಕು ಮಾರಾಯ" ಅಂದರು. ಅದೂ ಸರಿಯೇ. ಅಡಿಕೆ ಸುಲಿಯಲು ಕೂತವರಿಗೆ ವೈರ್ ದೊಡ್ಡ ಕಿರಿಕಿರಿ.

ಇಷ್ಟೆಲ್ಲ ಧ್ವನಿ ಬರಬೇಕಾದರೆ ಟಿಪ್, ಅಂದರೆ ಇಯರ್‌ಫೋನಿನ ಮೂತಿಗೆ ಹಾಕುವ ಮೆತ್ತನೆ ತೊಪ್ಪಿ, ಕಿವಿಗೆ ಸರಿಯಾಗಿ ಕೂರಬೇಕು. ಸ್ವಲ್ಪ ಸಂದು ಉಳಿದರೂ ಬೇಸ್ ಸೋರಿಹೋಗುತ್ತದೆ. ಎಷ್ಟೋ ಜನ ಡಬ್ಬಿಯಲ್ಲಿರುವ ಬೇರೆ ಅಳತೆಯ ಟಿಪ್ ಮುಟ್ಟದೆಯೇ "ಇದರಲ್ಲಿ ಬೇಸ್ ಇಲ್ಲ" ಅಂತ ಬರೆಯುತ್ತಾರೆ. ನನಗೆ ಎಡಕ್ಕೆ ದೊಡ್ಡದು, ಬಲಕ್ಕೆ ಮಧ್ಯಮದ್ದು ಬೇಕಾಯಿತು. ಫೋಮ್ ಟಿಪ್ ಹಾಕಿದ ಮೇಲೆ ಬಸ್ಸಿನ ಸದ್ದು ಎಷ್ಟೋ ಕಡಿಮೆ, ವಾಲ್ಯೂಮ್ ಅರ್ಧಕ್ಕಿಂತ ಮೇಲೆ ಏರಿಸುವ ಪ್ರಸಂಗವೇ ಬರುವುದಿಲ್ಲ. ವಾರಕ್ಕೆ 40 ಗಂಟೆ ಕೇಳುವವರು 80 ಡೆಸಿಬೆಲ್ ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಬ್ಲೂಟೂತ್ ಯಾಕಿಲ್ಲ ಅಂತ ಕೇಳುತ್ತೀರಿ, ಅಲ್ವಾ? ಧ್ವನಿ ಕೆಟ್ಟದು ಅಂತಲ್ಲ. 2017ರ ಆಂಡ್ರಾಯ್ಡ್ 8ರಿಂದ ಸೋನಿಯ ಎಲ್‌ಡ್ಯಾಕ್ ಕೋಡೆಕ್ (ಧ್ವನಿಯನ್ನು ಕುಗ್ಗಿಸಿ ಬ್ಲೂಟೂತಿನಲ್ಲಿ ಕಳಿಸುವ ವಿಧಾನ) ಆಂಡ್ರಾಯ್ಡ್ ಜೊತೆಗೇ ಬರುತ್ತಿದೆ, 990 ಕೆಬಿಪಿಎಸ್‌ವರೆಗೆ ಹೋಗುತ್ತದೆ. ಐಫೋನಿನಲ್ಲಿ ಅದಿಲ್ಲ, ಎಎಸಿ ಅನ್ನುವ ಬೇರೆ ಕೋಡೆಕ್ ಇದೆ, ಅದೂ ಪರವಾಗಿಲ್ಲ. ನಾಯ್ಸ್ ಕ್ಯಾನ್ಸಲಿಂಗ್ ಇದ್ದರೆ ಬಸ್ ಇಂಜಿನ್ನಿನ ಗುಂಯ್ ಅನ್ನುವ ಸದ್ದು ಚೆನ್ನಾಗಿ ಅಡಗುತ್ತದೆ. ತಗಡಿನ ಮಾಡಿನ ಮೇಲೆ ಬೀಳುವ ಮಳೆಯ ಸದ್ದಿಗೆ ಅದು ಅಷ್ಟಕ್ಕಷ್ಟೆ, ಫೋಮ್ ಟಿಪ್ಪೇ ವಾಸಿ. ನನ್ನ ಕಾರಣ ಕರೆಂಟು. ಆಷಾಢದಲ್ಲಿ ಮರ ಬಿದ್ದು ಲೈನ್ ಹೋದರೆ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಚಾರ್ಜ್ ಮಾಡಬೇಕಾದ ವಸ್ತು ಒಂದು ಕಡಿಮೆಯಾದರೂ ಸಾಕು. ಬ್ಯಾಟರಿ ಸತ್ತರೆ ಇಡೀ ವಸ್ತುವೇ ಕಸ ಅನ್ನುವುದು ಇನ್ನೊಂದು.

ಆದರೆ ವೈರಿನದಕ್ಕೂ ಮಳೆಗಾಲ ಕಷ್ಟವೇ. ಎರಡನೇ ವರ್ಷ ಎಡಗಡೆ ಸದ್ದು ಇದ್ದಕ್ಕಿದ್ದ ಹಾಗೆ ಕುಗ್ಗಿತು. ಸರ್ವಿಸ್ ಸೆಂಟರಿನಲ್ಲಿ "ಡ್ರೈವರ್ ಹೋಗಿದೆ, ಹೊಸದು ತಗೊಳ್ಳಿ" ಅಂದರು. ಹೋಗಿದ್ದು ಸದ್ದು ಹೊರಡಿಸುವ ಆ ಡ್ರೈವರ್ ಅಲ್ಲ. ಮೂತಿಯ ಜಾಳಿಗೆಯಲ್ಲಿ ತೇವ ಮತ್ತು ಕಿವಿಯ ಗುಗ್ಗೆ ಕಟ್ಟಿಕೊಂಡಿತ್ತು. ಸಿಲಿಕಾ ಜೆಲ್ ಪುಡಿಕೆ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಇಟ್ಟು, ಆ ಜಾಳಿಗೆ ಬದಲಿಸಿದೆ. ಆವತ್ತಿನಿಂದ ಸರಿಯಾಗಿದೆ. ಜಾಳಿಗೆ ಆನ್‌ಲೈನಿನಲ್ಲಿ ಪ್ಯಾಕೆಟ್ಟಿಗಟ್ಟಲೆ ಅಗ್ಗಕ್ಕೆ ಸಿಗುತ್ತದೆ. ಈಗ ಜೂನ್ ಬಂತೆಂದರೆ ಬಳಸದ ಹೊತ್ತಿನಲ್ಲೆಲ್ಲ ಅದು ಡಬ್ಬಿಯಲ್ಲೇ ಇರುತ್ತದೆ. ವೈರ್ ಸಿಕ್ಕಿಸುವ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ, ಆಗಾಗ ಬಿಚ್ಚಿ ಒರೆಸಬೇಕು. ಕಿವಿ ಪೂರ್ತಿ ಮುಚ್ಚುವ ದೊಡ್ಡ ಹೆಡ್‌ಫೋನಿನ ಕಥೆ ಇನ್ನೂ ಕೆಟ್ಟದ್ದು. ತಮ್ಮನದರ ಮೆತ್ತೆಗೆ ಬೂಷ್ಟು ಬಂದು, ಸಿಪ್ಪೆ ಸುಲಿದ ಹಾಗೆ ಕಿತ್ತು ಬಂತು.

ವೈರ್ ಬಿಚ್ಚಿ ಹಾಕುವಂಥದ್ದನ್ನೇ ಕೊಳ್ಳಿ. ನನ್ನದರ ಮೊದಲ ವೈರ್ ಡಾಂಗಲ್‌ಗೆ ಚುಚ್ಚುವ ತುದಿಯ ಹತ್ತಿರ ತುಂಡಾಯಿತು, ಹೊಸ ವೈರಿಗೆ ಕೆಲವೇ ನೂರು ರೂಪಾಯಿ ಖರ್ಚಾಯಿತು ಅಷ್ಟೆ. ಮೈಕು ಸಾಧಾರಣ, ಗಾಳಿ ಇದ್ದರೆ ಆ ಕಡೆಯವರಿಗೆ ಏನೂ ಕೇಳುವುದಿಲ್ಲ. ದಿನವಿಡೀ ಫೋನಿನಲ್ಲಿ ಮಾತಾಡುವ ಕೆಲಸದವರು, ವ್ಯಾಯಾಮಕ್ಕೆ ಬೇಕೆನ್ನುವವರು ಬ್ಲೂಟೂತನ್ನೇ ತೆಗೆದುಕೊಳ್ಳಿ. ಕೂತು ಹಾಡು ಕೇಳುವವರಿಗೆ ಐದರಲ್ಲಿ ನಾಲ್ಕು ಕೊಡುತ್ತೇನೆ. ಆ ಒಂದನ್ನು ಕಡಿದದ್ದು ಚಂಡೆಗೆ.